ಬೈಸಿಕಲ್ಲಿನ ಬೀಗವೂ ಕಳ್ಳನ ಸನ್ನೆಗೋಲೂ

ಪೇಟೆಗೆ ಹೋಗಿ ನಾಲ್ಕು ಕೆಲಸಗಳನ್ನು ಮುಗಿಸಿಕೊಂಡು ಬರಬೇಕಾದವನಿಗೆ ಬೈಸಿಕಲ್ಲಿನಷ್ಟು ಅನುಕೂಲವಾದ ವಾಹನ ಮತ್ತೊಂದಿಲ್ಲ. ಹಿಟ್ಟಿನ ಗಿರಣಿಯ ಮುಂದೆ ಅದನ್ನು ನಿಲ್ಲಿಸಬಹುದು; ಅಂಚೆ ಕಚೇರಿಯ ಗೋಡೆಗೆ ಒರಗಿಸಬಹುದು; ಸಂತೆಯ ಇಕ್ಕಟ್ಟಿನಲ್ಲಿ ತಳ್ಳಿಕೊಂಡು ಹೋಗಬಹುದು. ಆದರೆ ಒಡೆಯನಿಗೆ ಹಗುರವಾದ ವಾಹನವು ಕಳ್ಳನಿಗೂ ಹಗುರವೇ. ರಾತ್ರಿಯೆಲ್ಲ ಮನೆಯ ಜಗಲಿಯ ಮೇಲೆ ಸುರಕ್ಷಿತವಾಗಿದ್ದ ಸೈಕಲ್ಲು, ಒಡೆಯನು ಬ್ಯಾಂಕಿನ ಸಾಲಿನಲ್ಲಿ ಹತ್ತು ನಿಮಿಷ ನಿಂತು ಹೊರಬರುವಷ್ಟರಲ್ಲಿ ಮಾಯವಾಗಿರುವುದುಂಟು. ಕೆಲವೊಮ್ಮೆ ಸೈಕಲ್ಲು ಇದ್ದಲ್ಲಿಯೇ ಇರುತ್ತದೆ. ಅದರ ಸೀಟೋ, ಮುಂದಿನ ಚಕ್ರವೋ, ದೀಪವೋ ಇರುವುದಿಲ್ಲ.

ಇದನ್ನು ಅಲ್ಪ ನಷ್ಟವೆಂದು ಎಣಿಸುವವರು ಸೈಕಲ್ಲನ್ನು ವ್ಯಾಯಾಮಕ್ಕೆ ಮಾತ್ರ ಬಳಸುವವರಿರಬೇಕು. ಹಾಲು ಹಾಕುವವನಿಗೆ, ಬೆಳಗಿನ ಪತ್ರಿಕೆ ಹಂಚುವ ಹುಡುಗನಿಗೆ, ಊರಿಂದೂರಿಗೆ ಪಾತ್ರೆ ಮಾರಿಕೊಂಡು ಹೋಗುವವನಿಗೆ ಅದು ಅನ್ನದ ಸಾಧನ. ಇಟಲಿಯ ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ ೧೯೪೮ರಲ್ಲಿ ತೆಗೆದ ‘ಬೈಸಿಕಲ್ ಕಳ್ಳರು’ ಎಂಬ ಚಿತ್ರದ ಕಥೆ ಇದೇ. ಸೈಕಲ್ಲು ಇದ್ದವರಿಗೆ ಮಾತ್ರ ಕೊಡುವ ಕೆಲಸವೊಂದು ಬಡವನೊಬ್ಬನಿಗೆ ಸಿಕ್ಕುತ್ತದೆ. ಮೊದಲ ದಿನವೇ, ಅವನು ಏಣಿಯ ಮೇಲೆ ನಿಂತು ಭಿತ್ತಿಪತ್ರ ಅಂಟಿಸುತ್ತಿರುವಾಗ, ಸೈಕಲ್ಲು ಕಳುವಾಗುತ್ತದೆ. ಕರ್ನಾಟಕದಲ್ಲಿ ೨೦೦೬–೦೭ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಹಂಚಲಾರಂಭಿಸಿದಾಗ, ಊರಿನಲ್ಲಿ ಪ್ರೌಢಶಾಲೆಯಿಲ್ಲದ ಎಷ್ಟೋ ಹೆಣ್ಣುಮಕ್ಕಳಿಗೆ ವಿದ್ಯೆಯ ದಾರಿಯನ್ನು ಸುಗಮಗೊಳಿಸಿದ್ದು ಆ ಎರಡು ಚಕ್ರಗಳೇ.

ಕಳುವಾದ ಮೇಲೆ ಕಾನೂನು ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದರ ಮಿತಿಯನ್ನೂ ತಿಳಿದಿರಬೇಕು. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೦೩ನೆಯ ಕಲಮಿನ ಪ್ರಕಾರ, ಕದ್ದ ವಸ್ತುವಿನ ಬೆಲೆ ೫,೦೦೦ ರೂಪಾಯಿಗಿಂತ ಕಡಮೆಯಿದ್ದು, ಮೊದಲ ಬಾರಿಗೆ ಅಪರಾಧಿಯೆಂದು ತೀರ್ಮಾನವಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಇಂಥ ಸಣ್ಣ ಕಳವು ಅಸಂಜ್ಞೇಯ ಅಪರಾಧಗಳ ಪಟ್ಟಿಗೆ ಸೇರಿದೆ. ಎಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತಾವಾಗಿಯೇ ತನಿಖೆಗೆ ತೊಡಗುವಂತಿಲ್ಲ. ಹಳೆಯ ಸೈಕಲ್ಲಿನ ಬೆಲೆಯೂ, ಹೊಸ ಸೈಕಲ್ಲಿನ ಬಿಡಿ ಚಕ್ರದ ಬೆಲೆಯೂ ಅನೇಕ ವೇಳೆ ಈ ಮಿತಿಯೊಳಗೇ ಬರುತ್ತವೆ. ಆದುದರಿಂದ ಕಳುವಾದ ಮೇಲೆ ಹುಡುಕುವುದಕ್ಕಿಂತ ಕಳುವಾಗದಂತೆ ನೋಡಿಕೊಳ್ಳುವುದರಲ್ಲಿಯೇ ನಮ್ಮ ಬುದ್ಧಿ ಖರ್ಚಾಗಬೇಕು. ಅದಕ್ಕೆ ಬೇಕಾದ ಸಾಮಗ್ರಿಯ ಬಹುಭಾಗ ಪ್ರೌಢಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ.

ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಒಡೆಯಲಾಗದ ಬೀಗವೆಂಬುದು ಜಗತ್ತಿನಲ್ಲಿಲ್ಲ. ಒಬ್ಬ ಮನುಷ್ಯನು ಕಾಯಿಸಿ, ಬಡಿದು, ಕೊರೆದು ಮಾಡಿದ ಲೋಹದ ವಸ್ತುವನ್ನು ಮತ್ತೊಬ್ಬನು ಕಾಯಿಸಿ, ಬಡಿದು, ಕೊರೆದು ಮುರಿಯಬಲ್ಲನು. ಬೀಗವು ಮಾಡಬಲ್ಲುದೆಂದರೆ ಆ ಮುರಿಯುವ ಕೆಲಸಕ್ಕೆ ಹಿಡಿಯುವ ಕಾಲವನ್ನು ಹೆಚ್ಚಿಸುವುದು, ಅದಕ್ಕೆ ಬೇಕಾದ ಉಪಕರಣವನ್ನು ದೊಡ್ಡದಾಗಿಸುವುದು, ಅದರ ಸದ್ದನ್ನು ಏರಿಸುವುದು. ಕಳ್ಳನ ಲೆಕ್ಕಾಚಾರವೂ ಇವೇ ಮೂರರ ಮೇಲೆ ನಿಂತಿದೆ. ಚೀಲದೊಳಗೆ ಅಡಗುವ ಉಪಕರಣದಿಂದ, ಸದ್ದಿಲ್ಲದೆ, ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸವಾದರೆ ಅವನು ಕೈಹಾಕುತ್ತಾನೆ. ಇಲ್ಲವಾದರೆ ಪಕ್ಕದ ಸೈಕಲ್ಲಿನ ಕಡೆ ತಿರುಗುತ್ತಾನೆ. ನಾವು ಅಂಗಡಿಯೊಳಗೆ ಕಳೆಯುವ ಕಾಲಕ್ಕಿಂತ ಅವನಿಗೆ ಬೇಕಾಗುವ ಕಾಲ ಹೆಚ್ಚಾಗಿರಬೇಕು ಎಂಬುದೇ ಇಲ್ಲಿನ ಸಮೀಕರಣ. ಔಷಧದ ಅಂಗಡಿಯ ಎರಡು ನಿಮಿಷಕ್ಕೂ ಚಿತ್ರಮಂದಿರದ ಮೂರು ಗಂಟೆಗೂ ಒಂದೇ ಬೀಗ ಸಾಕೆಂದು ತಿಳಿಯುವುದು ಈ ಸಮೀಕರಣವನ್ನು ಮರೆತಂತೆ.

ನಮ್ಮ ಸಾಮಾನ್ಯ ಸೈಕಲ್ಲುಗಳಿಗೆ ಹಿಂದಿನ ಚಕ್ರದ ಮೇಲೆ ಕೂರಿಸಿರುವ ಬಳೆಯಾಕಾರದ ಬೀಗವನ್ನು ಎಲ್ಲರೂ ಬಲ್ಲರು. ಕೀಲನ್ನು ಒತ್ತಿದರೆ ಒಂದು ಸರಳು ಕಡ್ಡಿಗಳ ನಡುವೆ ತೂರಿ ಚಕ್ರ ತಿರುಗದಂತೆ ಮಾಡುತ್ತದೆ. ಇದರ ಗುಣವೆಂದರೆ ಸದಾ ಸೈಕಲ್ಲಿನೊಡನೆಯೇ ಇರುವುದು; ಬೀಗ ಹಾಕದೆ ಕೈ ಹೊರಗೆ ಬಾರದಿರುವುದರಿಂದ ಬೀಗದ ಕೈಯನ್ನು ಮನೆಯಲ್ಲಿ ಮರೆತು ಬರುವ ಪ್ರಮೇಯವೂ ಕಡಮೆ. ಆದರೆ ಈ ಬೀಗ ಸೈಕಲ್ಲನ್ನು ಯಾವುದಕ್ಕೂ ಕಟ್ಟಿಹಾಕುವುದಿಲ್ಲವೆಂಬುದನ್ನು ನೆನಪಿಡಬೇಕು. ಉಕ್ಕಿನ ಸೈಕಲ್ಲು ಸುಮಾರು ೨೦ ಕಿಲೋಗ್ರಾಂ ತೂಗುತ್ತದೆ. ಅದರ ಹಿಂಭಾಗವನ್ನಷ್ಟೆ ಎತ್ತಿ ಮುಂದಿನ ಚಕ್ರದ ಮೇಲೆ ಉರುಳಿಸಿಕೊಂಡು ಹೋಗುವವನು ಹೊರುವ ಭಾರ ಅದರ ಅರ್ಧ ಭಾಗಕ್ಕಿಂತ ಸ್ವಲ್ಪ ಹೆಚ್ಚು, ಎಂದರೆ ಎರಡು ಕೊಡ ನೀರಿಗಿಂತ ಕಡಮೆ. ಹಾಗೆ ಎತ್ತಿಕೊಂಡು ಹೋಗುವವನನ್ನು ನೋಡಿದ ಜನ ‘ಪಾಪ, ಬೀಗದ ಕೈ ಕಳೆದುಕೊಂಡಿರಬೇಕು’ ಎಂದು ಮರುಗುತ್ತಾರೆಯೇ ಹೊರತು ತಡೆಯುವುದಿಲ್ಲ. ಸದಾ ಕಣ್ಣಿಗೆ ಕಾಣುವಲ್ಲಿ, ಎರಡು ನಿಮಿಷದ ಕೆಲಸಕ್ಕೆ, ಬಳೆಬೀಗ ಸಾಕು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ಬೀಗವೇ ಬೇಡವೆಂದವರೂ ಇದ್ದರು. ೧೯೬೫ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ‘ಪ್ರೊವೊ’ ಎಂಬ ತರುಣರ ಗುಂಪು ಕೆಲವು ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು, ಯಾರು ಬೇಕಾದರೂ ತುಳಿದುಕೊಂಡು ಹೋಗಲೆಂದು ಬೀದಿಯಲ್ಲಿ ಬಿಟ್ಟಿತು. ಪೊಲೀಸರು ಅವನ್ನು ಎತ್ತಿಕೊಂಡು ಹೋದರು: ಬೀಗ ಹಾಕದೆ ಸೈಕಲ್ಲು ನಿಲ್ಲಿಸುವುದು ಆ ನಗರದ ನಿಯಮಕ್ಕೆ ವಿರುದ್ಧವಾಗಿತ್ತು. ತರುಣರು ಆಗ ಅಂಕಿಯ ಬೀಗಗಳನ್ನು ಹಾಕಿ, ತೆರೆಯುವ ಅಂಕಿಯನ್ನು ಸೈಕಲ್ಲಿನ ಮೇಲೆಯೇ ಬರೆದರಂತೆ! ಹಾಸ್ಯ ಹಾಗಿರಲಿ, ಅನಂತರ ಬಂದ ಸಾರ್ವಜನಿಕ ಸೈಕಲ್ಲುಗಳೆಲ್ಲ ಬೀಗವನ್ನು ಗಂಭೀರವಾಗಿಯೇ ಪರಿಗಣಿಸಿದವು. ೨೦೧೭ರಲ್ಲಿ ಮೈಸೂರಿನಲ್ಲಿ ಆರಂಭವಾದ ‘ಟ್ರಿನ್ ಟ್ರಿನ್’ ವ್ಯವಸ್ಥೆಯಲ್ಲಿ ಸೈಕಲ್ಲುಗಳು ತಮ್ಮ ನಿಲ್ದಾಣದ ಕಂಬಗಳಿಗೇ ಕಚ್ಚಿಕೊಳ್ಳುವಂತೆ ಏರ್ಪಾಡು ಮಾಡಿದ್ದರು. ನೆಲಕ್ಕೆ ನಾಟಿದ ವಸ್ತುವಿಗೆ ಸೈಕಲ್ಲನ್ನು ಬಂಧಿಸುವುದು ಎಂಬ ಈ ತತ್ತ್ವವೇ ಸರಪಣಿ ಬೀಗದ ತತ್ತ್ವವೂ ಹೌದು.

ಸರಪಣಿಗೆ ಶತ್ರು ದೊಡ್ಡ ಹಿಡಿಗಳ ಕತ್ತರಿ. ಅದರ ಶಕ್ತಿಯ ಗುಟ್ಟು ಸನ್ನೆಗೋಲು. ಆನಿಕೆಯಿಂದ ದೂರದಲ್ಲಿ ಹಾಕಿದ ಸ್ವಲ್ಪ ಬಲವು ಆನಿಕೆಯ ಹತ್ತಿರದಲ್ಲಿ ಬಹಳ ಬಲವಾಗಿ ಪರಿಣಮಿಸುತ್ತದೆಂಬುದನ್ನು ಆರ್ಕಿಮಿಡೀಸನು ಇಪ್ಪತ್ತೆರಡು ಶತಮಾನಗಳ ಹಿಂದೆಯೇ ಸಾಧಿಸಿ ತೋರಿಸಿದನು. ಓದುಗರು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಹತ್ತು ಮಡಿಕೆ ಮಾಡಿದ ಕಾಗದವನ್ನು ಕತ್ತರಿಯ ತುದಿಯಲ್ಲಿ ಇಟ್ಟರೆ ಅದು ಜಾರುತ್ತದೆ, ಬಾಗುತ್ತದೆ, ಕತ್ತರಿಸುವುದಿಲ್ಲ. ಅದನ್ನೇ ಕೀಲಿನ ಬುಡಕ್ಕೆ ಸರಿಸಿದರೆ ಸಲೀಸಾಗಿ ತುಂಡಾಗುತ್ತದೆ. ಕೈಯ ಬಲ ಬದಲಾಗಿಲ್ಲ. ಕೀಲಿನಿಂದ ಕಾಗದಕ್ಕಿರುವ ದೂರ ಮಾತ್ರ ಬದಲಾಗಿದೆ.

ಕಳ್ಳನ ಕತ್ತರಿಯಲ್ಲಿ ಎರಡು ಸನ್ನೆಗೋಲುಗಳು ಒಂದರ ಬೆನ್ನಿಗೆ ಒಂದು ಜೋಡಿಸಲ್ಪಟ್ಟಿವೆ. ಉದ್ದವಾದ ಹಿಡಿಯು ಕೈಯ ಬಲವನ್ನು ೨೫ ಪಟ್ಟು ಮಾಡಿ ದವಡೆಗೆ ಕೊಡುತ್ತದೆಂದೂ, ದವಡೆಯು ಅದನ್ನು ಮತ್ತೆ ಇಮ್ಮಡಿ ಮಾಡುತ್ತದೆಂದೂ ಇಟ್ಟುಕೊಳ್ಳೋಣ. ಒಟ್ಟು ವರ್ಧನೆ ೫೦ ಪಟ್ಟು. ಇನ್ನು ಸರಪಣಿಯ ಕಡೆಗೆ ಬರೋಣ. ಸಾಮಾನ್ಯ ಮೆದು ಉಕ್ಕನ್ನು ಕತ್ತರಿಸಲು ಪ್ರತಿಯೊಂದು ಚದರ ಮಿಲಿಮೀಟರಿಗೂ ಸುಮಾರು ೩೦ ಕಿಲೋಗ್ರಾಂ ಭಾರದಷ್ಟು ಬಲ ಬೇಕು. ಕೊಂಡಿಯ ಸರಳು ೬ ಮಿಲಿಮೀಟರು ದಪ್ಪವಿದ್ದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ೨೮ ಚದರ ಮಿಲಿಮೀಟರು. ಅದನ್ನು ತುಂಡರಿಸಲು ಬೇಕಾದದ್ದು ಸುಮಾರು ೮೫೦ ಕಿಲೋಗ್ರಾಂ. ಕೇಳಲು ಇದು ಭಾರಿಯಾಗಿ ತೋರುತ್ತದೆ. ಆದರೆ ೫೦ರಿಂದ ಭಾಗಿಸಿ ನೋಡಿ: ಕೈಯಿಂದ ಹಾಕಬೇಕಾದದ್ದು ೧೭ ಕಿಲೋಗ್ರಾಂ ಮಾತ್ರ. ಹದಿನಾರರ ಹುಡುಗನೂ ಇದನ್ನು ಮಾಡಬಲ್ಲನು.

ಸರಳಿನ ದಪ್ಪವನ್ನು ಎರಡರಷ್ಟು, ಎಂದರೆ ೧೨ ಮಿಲಿಮೀಟರು ಮಾಡಿದರೆ ಏನಾಗುತ್ತದೆ? ವಿಸ್ತೀರ್ಣವು ವ್ಯಾಸದ ವರ್ಗದಂತೆ ಏರುವುದರಿಂದ ಬೇಕಾದ ಬಲ ನಾಲ್ಕರಷ್ಟಾಗುತ್ತದೆ. ಹಿಡಿಯ ಮೇಲೆ ೬೮ ಕಿಲೋಗ್ರಾಂ. ಇದು ಕೈಗೆ ಮೀರಿದ್ದು. ಆದರೂ ಒಂದು ಹಿಡಿಯನ್ನು ನೆಲಕ್ಕೆ ಊರಿ ಮತ್ತೊಂದರ ಮೇಲೆ ಮೈಭಾರವನ್ನೆಲ್ಲ ಹಾಕಿದರೆ ಗಟ್ಟಿಮುಟ್ಟಾದವನೊಬ್ಬನಿಗೆ ಸಾಧ್ಯವಾದೀತು. ಅದೇ ಸರಳು ಹದಗೊಳಿಸಿದ ಉಕ್ಕಿನದಾಗಿದ್ದರೆ ಕತ್ತರಿಸಲು ಮೂರರಷ್ಟು ಬಲ ಬೇಕಾಗಬಹುದು. ಆಗ ೨೦೦ ಕಿಲೋಗ್ರಾಮಿಗೂ ಮೇಲೆ. ಇದಕ್ಕೆ ಜಟ್ಟಿಯ ಮೈಭಾರವೂ ಸಾಲದು. ಹಿಡಿಗಳನ್ನು ಉದ್ದ ಮಾಡಬಹುದಲ್ಲ ಎಂದರೆ, ಪ್ರಕೃತಿ ಅದಕ್ಕೂ ಬೆಲೆ ಕೇಳುತ್ತದೆ. ಬಲ ೫೦ ಪಟ್ಟು ಹೆಚ್ಚಿದರೆ ದೂರ ೫೦ ಪಟ್ಟು ತಗ್ಗುತ್ತದೆ. ದವಡೆ ೬ ಮಿಲಿಮೀಟರು ಮುಚ್ಚಿಕೊಳ್ಳಲು ಕೈ ೩೦ ಸೆಂಟಿಮೀಟರು ಚಲಿಸಬೇಕು. ೧೨ ಮಿಲಿಮೀಟರಿಗೆ ೬೦ ಸೆಂಟಿಮೀಟರು. ವರ್ಧನೆಯನ್ನು ಇನ್ನೂ ಏರಿಸಿದರೆ ತೋಳುಗಳನ್ನು ಪೂರ್ತಿ ಚಾಚಿದರೂ ದವಡೆಯು ಸರಳನ್ನು ಹಿಡಿಯುವಷ್ಟು ಬಾಯಿ ಬಿಡದು. ಹೀಗೆ ಒಂದು ದಪ್ಪವನ್ನು ಮೀರಿದ ಸರಪಣಿಯ ಮುಂದೆ, ಅಂಗಿಯೊಳಗೆ ಅಡಗಿಸಬಹುದಾದ ಕತ್ತರಿ ಸುಮ್ಮನಾಗುತ್ತದೆ. ಸರಪಣಿ ಕೊಳ್ಳುವಾಗ ಅಂಗಡಿಯವನು ಹೇಳುವ ಉದ್ದವನ್ನೋ ಬಣ್ಣವನ್ನೋ ನೋಡದೆ ಕೊಂಡಿಯ ದಪ್ಪವನ್ನು ಅಳೆದು ನೋಡಬೇಕೆಂದು ಹೇಳುವುದಕ್ಕೆ ಕಾರಣ ಇದೇ.

ಉಕ್ಕಿನ ‘ಹದ’ ಎಂದೆವಷ್ಟೆ. ಕಮ್ಮಾರನು ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ ಗಡಸು ಮಾಡುವುದನ್ನು ಎಲ್ಲರೂ ಕಂಡಿದ್ದಾರೆ. ಗಡಸಾದ ಉಕ್ಕಿನ ಮೇಲೆ ಗರಗಸದ ಹಲ್ಲು ಕಚ್ಚುವುದಿಲ್ಲ, ಜಾರುತ್ತದೆ. ಆದರೆ ಅತಿಯಾಗಿ ಗಡಸಾದ ಉಕ್ಕು ಗಾಜಿನಂತೆ ಪೆಡಸೂ ಆಗುತ್ತದೆ. ಸುತ್ತಿಗೆಯ ಒಂದು ಏಟಿಗೆ ಸಿಡಿಯುತ್ತದೆ. ಆದುದರಿಂದ ಒಳ್ಳೆಯ ಸರಪಣಿಯ ಹೊರಮೈ ಗಡಸಾಗಿಯೂ ಒಳಗಿನ ತಿರುಳು ಏಟನ್ನು ಹೀರಿಕೊಳ್ಳುವಷ್ಟು ಮೃದುವಾಗಿಯೂ ಇರುವಂತೆ ಕಾಯಿಸಿ ಆರಿಸುತ್ತಾರೆ. ಅತಿಯಾದ ಚಳಿಯೂ ಉಕ್ಕನ್ನು ಪೆಡಸು ಮಾಡಬಲ್ಲುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಕಟ್ಟಿದ ‘ಲಿಬರ್ಟಿ’ ಹಡಗುಗಳಲ್ಲಿ ಕೆಲವು ಶೀತಸಮುದ್ರದಲ್ಲಿ ಬಿರುಕುಬಿಟ್ಟದ್ದಕ್ಕೆ ಇದೇ ಕಾರಣವೆಂದು ಕೇಂಬ್ರಿಜ್ಜಿನ ಕಾನ್ಸ್ಟೆನ್ಸ್ ಟಿಪ್ಪರ್ ತೋರಿಸಿಕೊಟ್ಟರು. ಬೀಗವನ್ನು ದ್ರವ ಅನಿಲದಿಂದ ತಣಿಸಿ ಒಡೆಯುವ ಕಳ್ಳರು ಮಾತ್ರ ಸಿನಿಮಾದಲ್ಲಿಯೇ ಹೆಚ್ಚು. ನಮ್ಮ ಸಂತೆಬೀದಿಯ ಕಳ್ಳನಿಗೆ ಅಷ್ಟು ಸಂಭ್ರಮ ಬೇಕಿಲ್ಲ.

ಪ್ಲಾಸ್ಟಿಕ್ಕಿನ ಹೊದಿಕೆಯುಳ್ಳ ಸುರುಳಿ ತಂತಿಯ ಬೀಗವು ಹಗುರ, ಅಗ್ಗ, ಅಂದವೂ ಹೌದು. ಹೊದಿಕೆಯಿಂದಾಗಿ ಹೆಬ್ಬೆರಳ ಗಾತ್ರ ಕಾಣುವ ಅದರೊಳಗೆ ಇರುವುದು ಎಳೆ ತಂತಿಗಳ ಒಂದು ಹುರಿ. ಎಳೆದರೆ ಈ ಹುರಿ ಬಲು ಗಟ್ಟಿ, ಏಕೆಂದರೆ ಎಳೆತವನ್ನು ಎಲ್ಲ ಎಳೆಗಳೂ ಹಂಚಿಕೊಳ್ಳುತ್ತವೆ. ಕತ್ತರಿಸುವವನಿಗೆ ಆ ಒಗ್ಗಟ್ಟು ಅಡ್ಡಿಯಾಗುವುದಿಲ್ಲ. ಅವನು ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತ ಹೋಗಬಹುದು. ಸೀಟನ್ನೋ ಮುಂದಿನ ಚಕ್ರವನ್ನೋ ಮುಖ್ಯ ಬೀಗಕ್ಕೆ ಸೇರಿಸಿಕೊಳ್ಳುವ ಎರಡನೆಯ ದಾರವಾಗಿ ಇದು ಉಪಯುಕ್ತ. ಒಂಟಿಯಾಗಿ ಇದನ್ನು ನಂಬುವುದನ್ನು ನಾವಂತೂ ಅನುಮೋದಿಸಲಾರೆವು.

ಕುದುರೆಯ ಲಾಳದ ಆಕಾರದ ದಪ್ಪ ಸರಳಿಗೆ ಅಡ್ಡಪಟ್ಟಿಯನ್ನು ಕೂಡಿಸಿದ ಬೀಗಗಳು ಈಗ ನಮ್ಮ ಪಟ್ಟಣಗಳಲ್ಲಿಯೂ ಸಿಕ್ಕುತ್ತವೆ. ಇವು ಕೈಕತ್ತರಿಗೆ ಬಗ್ಗುವುದು ಕಷ್ಟ. ಆಗ ಕಳ್ಳನು ಸನ್ನೆಯ ಮತ್ತೊಂದು ರೂಪವನ್ನು ಹುಡುಕುತ್ತಾನೆ. ಲಾಳದೊಳಗೆ ಬರಿಜಾಗ ಉಳಿದಿದ್ದರೆ ಅದರಲ್ಲಿ ಕಬ್ಬಿಣದ ಕೊಳವೆಯನ್ನು ತೂರಿಸಿ ಮೀಟಬಹುದು. ಅಥವಾ ಕಾರಿನ ಚಕ್ರ ಬಿಚ್ಚುವಾಗ ಇಡುವ ಜ್ಯಾಕನ್ನು ಕೂರಿಸಿ ಎರಡು ತೋಳುಗಳನ್ನೂ ದೂರಕ್ಕೆ ತಳ್ಳಬಹುದು. ಎರಡು ಟನ್ನು ಎತ್ತುವ ಜ್ಯಾಕು ಎರಡು ಕೈಯಗಲದಷ್ಟು ಜಾಗದಲ್ಲಿ ಕೂರುತ್ತದೆ. ಕೆಲವೊಮ್ಮೆ ಹೊರಗಿನ ಉಪಕರಣವೂ ಬೇಕಿಲ್ಲ: ಸೈಕಲ್ಲೇ ಒಂದು ಮೀಟರಿಗೂ ಉದ್ದವಾದ ಸನ್ನೆಗೋಲು! ಸಡಿಲವಾಗಿ ಬೀಗ ಹಾಕಿದ ಸೈಕಲ್ಲನ್ನೇ ಕಂಬದ ಸುತ್ತ ತಿರುಚಿದರೆ, ೩೦ ಕಿಲೋಗ್ರಾಂ ಬಲವು ೧೦ ಸೆಂಟಿಮೀಟರು ಅಗಲದ ಲಾಳದ ಮೇಲೆ ೩೦೦ ಕಿಲೋಗ್ರಾಮಾಗಿ ಬೀಳುತ್ತದೆ. ಪರಿಹಾರ ಸುಲಭ. ಲಾಳ ಚಿಕ್ಕದಾಗಿರಬೇಕು, ಕಂಬ, ಚಕ್ರ, ಚೌಕಟ್ಟುಗಳಿಂದ ಅದರ ಹೊಟ್ಟೆ ತುಂಬಿರಬೇಕು. ದೊಡ್ಡ ಬೀಗವನ್ನು ಕೊಂಡು ‘ಹೆಚ್ಚು ಗಟ್ಟಿ’ ಎಂದು ಹಿಗ್ಗುವವರು, ಹೆಚ್ಚು ಬರಿಜಾಗವನ್ನೂ ದುಡ್ಡು ಕೊಟ್ಟು ಕೊಂಡಿರುತ್ತಾರೆ.

ಲೋಹ ಗಟ್ಟಿಯಾಗಿದ್ದು ಕೀಲಿಯ ಬಾಯಿ ದುರ್ಬಲವಾಗಿದ್ದರೆ ಪ್ರಯೋಜನವಿಲ್ಲ. ೨೦೦೪ರಲ್ಲಿ ಅಮೆರಿಕದಲ್ಲಿ ಕೊಳವೆಯಾಕಾರದ ಕೀಲಿಯುಳ್ಳ ಪ್ರಸಿದ್ಧ ಬೀಗಗಳನ್ನು ಅಗ್ಗದ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದಲೇ ತೆರೆಯಬಹುದೆಂದು ಬಯಲಾಗಿ, ‘ಕ್ರಿಪ್ಟೊನೈಟ್’ ಕಂಪನಿಯು ಗಿರಾಕಿಗಳಿಗೆ ಬೀಗಗಳನ್ನು ಬದಲಿಸಿಕೊಡಬೇಕಾಯಿತು. ಅಂಕಿಯ ಬೀಗಗಳ ಗಣಿತ ಇನ್ನೂ ಸ್ವಾರಸ್ಯವಾದದ್ದು. ನಾಲ್ಕು ಬಿಲ್ಲೆಗಳಿದ್ದರೆ ೧೦,೦೦೦ ಜೋಡಣೆಗಳು. ಒಂದಕ್ಕೆ ಎರಡು ಸೆಕೆಂಡಿನಂತೆ ಎಲ್ಲವನ್ನೂ ನೋಡಲು ಐದೂವರೆ ಗಂಟೆಗೂ ಹೆಚ್ಚು ಬೇಕು. ಸಾಕಷ್ಟು ಕಾಲವೇ ಸರಿ. ಆದರೆ ಅಗ್ಗದ ಬೀಗದಲ್ಲಿ ಬಿಲ್ಲೆಗಳ ಅಳತೆ ಕರಾರುವಾಕ್ಕಾಗಿರುವುದಿಲ್ಲ. ಒಂದೊಂದು ಬಿಲ್ಲೆಯೂ ಸರಿಯಾದ ಸ್ಥಾನಕ್ಕೆ ಬಂದಾಗ ಬೆರಳಿಗೆ ತಿಳಿಯುವಂತಿದ್ದರೆ ನಾಲ್ಕನ್ನೂ ಬೇರೆಬೇರೆಯಾಗಿ ಹುಡುಕಬಹುದು. ಆಗ ನಾಲ್ಕು ಹತ್ತುಗಳನ್ನು ಒಂದಕ್ಕೊಂದು ಗುಣಿಸುವ ಬದಲು ಕೂಡಿದಂತಾಗಿ, ೧೦,೦೦೦ವು ೪೦ಕ್ಕೆ ಇಳಿಯುತ್ತದೆ. ಐದೂವರೆ ಗಂಟೆ ಒಂದೂವರೆ ನಿಮಿಷಕ್ಕೂ ಕಡಮೆಯಾಯಿತು. ಇದಲ್ಲದೆ, ಅವಸರದಲ್ಲಿ ಕೊನೆಯ ಬಿಲ್ಲೆಯೊಂದನ್ನೇ ಒಂದೆರಡು ಮನೆ ತಿರುಗಿಸಿ ಹೋಗುವ ಅಭ್ಯಾಸ ಹಲವರಿಗಿದೆ. ಅದು ಆಮ್‌ಸ್ಟರ್‌ಡಾಮಿನ ತರುಣರು ಮಾಡಿದ್ದಕ್ಕಿಂತ ಬಹಳ ಭಿನ್ನವಾದದ್ದೇನಲ್ಲ.

ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಬ್ಯಾಟರಿ ಚಾಲಿತ ಅರೆಯುವ ಯಂತ್ರದ ಮುಂದೆ ಈ ಬೀಗಗಳಾವುವೂ ಬಹಳ ಹೊತ್ತು ನಿಲ್ಲವು. ಅದರ ಬಿಲ್ಲೆಯಲ್ಲಿರುವ ಅಲ್ಯುಮಿನಿಯಮ್ ಆಕ್ಸೈಡಿನ ಹರಳುಗಳು ಯಾವ ಉಕ್ಕಿಗಿಂತಲೂ ಗಡಸು. ಹನ್ನೊಂದೂವರೆ ಸೆಂಟಿಮೀಟರು ವ್ಯಾಸದ ಬಿಲ್ಲೆ ನಿಮಿಷಕ್ಕೆ ೧೦,೦೦೦ ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ೬೦ ಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಗಂಟೆಗೆ ೨೦೦ ಕಿಲೋಮೀಟರಿಗೂ ಮೇಲೆ. ಆದರೆ ಅದು ಕಿವಿ ಗಡಚಿಕ್ಕುವಂತೆ ಕಿರಿಚುತ್ತದೆ, ಕಿಡಿಗಳ ಮಳೆ ಸುರಿಸುತ್ತದೆ. ಇಲ್ಲಿ ಲೋಹಶಾಸ್ತ್ರ ಕೈಬಿಟ್ಟರೂ ಧ್ವನಿಶಾಸ್ತ್ರ ನೆರವಿಗೆ ಬರುತ್ತದೆ. ಗೋಡೆಯ ಮರೆಯಲ್ಲಿ ಅಡಗಿಸಿ ನಿಲ್ಲಿಸಿದ ಸೈಕಲ್ಲಿಗಿಂತ, ಹೂವಿನ ಅಂಗಡಿಯ ಎದುರಿಗೆ, ಹತ್ತು ಜನ ಓಡಾಡುವಲ್ಲಿ ನಿಲ್ಲಿಸಿದ ಸೈಕಲ್ಲಿಗೆ ಕ್ಷೇಮ ಹೆಚ್ಚು. ಹೂವು ಕಟ್ಟುವಾಕೆಗೆ ‘ಸ್ವಲ್ಪ ನೋಡಿಕೊಳ್ಳಮ್ಮ’ ಎಂದು ಹೇಳಿ ಹೋಗುವ ಹಳೆಯ ಪದ್ಧತಿಯನ್ನು ಭೌತಶಾಸ್ತ್ರ ಆಕ್ಷೇಪಿಸುವುದಿಲ್ಲ.

ಬೀಗವನ್ನು ಎಲ್ಲಿಗೆ ಹಾಕಬೇಕು? ಕಾಲೇಜುಗಳ ಅಂಗಳದಲ್ಲಿ ಮುಂದಿನ ಚಕ್ರವನ್ನು ತೂರಿಸಿ ನಿಲ್ಲಿಸುವ ಕಬ್ಬಿಣದ ಚೌಕಟ್ಟುಗಳನ್ನು ನೋಡುತ್ತೇವೆ. ವಿದ್ಯಾರ್ಥಿಗಳು ಸಹಜವಾಗಿಯೇ ಮುಂದಿನ ಚಕ್ರಕ್ಕೆ ಬೀಗ ಹಾಕಿ ಹೋಗುತ್ತಾರೆ. ಚಕ್ರದ ಎರಡು ನಟ್ಟುಗಳನ್ನು ಸಡಿಲಿಸಿದರೆ ಕಳ್ಳನಿಗೆ ಉಳಿದ ಸೈಕಲ್ಲೆಲ್ಲ ದೊರೆಯುತ್ತದೆ, ಒಡೆಯನಿಗೆ ಚಕ್ರವೂ ಬೀಗವೂ ಉಳಿಯುತ್ತವೆ. ಹಿಂದಿನ ಚಕ್ರದ ಬೆಲೆ ಹೆಚ್ಚು. ಚೌಕಟ್ಟಿನ ಬೆಲೆ ಅದಕ್ಕಿಂತ ಹೆಚ್ಚು. ಆದುದರಿಂದ ಮುಖ್ಯ ಬೀಗವು ಸ್ಥಿರವಾದ ಕಂಬವನ್ನೂ ಹಿಂದಿನ ಚಕ್ರವನ್ನೂ ಚೌಕಟ್ಟನ್ನೂ ಒಟ್ಟಾಗಿ ಹಿಡಿಯಬೇಕು. ಕಂಬವನ್ನೂ ಒಮ್ಮೆ ಅಲ್ಲಾಡಿಸಿ ನೋಡುವುದು ಒಳ್ಳೆಯದು. ಎರಡು ಮೀಟರಿನ ತುಂಡುಕಂಬಕ್ಕೆ ಕಟ್ಟಿದ ಸೈಕಲ್ಲನ್ನು ಮೇಲಕ್ಕೆತ್ತಿ ಕಳಚಬಹುದು. ಎಳೆಯ ಗಿಡಕ್ಕೆ ಕಟ್ಟಿದರೆ ಸೈಕಲ್ಲಿನೊಡನೆ ಗಿಡವೂ ಹೋಗುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿದ್ದ ಷೆಲ್ಡನ್ ಬ್ರೌನ್ ಎಂಬ ಹೆಸರಾಂತ ಸೈಕಲ್ ತಜ್ಞರು (ಅವರು ೨೦೦೮ರಲ್ಲಿ ತೀರಿಕೊಂಡರು) ಈ ವಿಚಾರದಲ್ಲಿ ಒಂದು ಜಾಣ್ಮೆಯ ಕ್ರಮವನ್ನು ಪ್ರಚಾರ ಮಾಡಿದರು. ಸೀಟಿನ ಕೊಳವೆಯೂ ಅದರ ಹಿಂದಿನ ಎರಡು ಕೊಳವೆಗಳೂ ಕೂಡಿ ಒಂದು ತ್ರಿಕೋನವಾಗುತ್ತವೆಯಷ್ಟೆ. ಆ ತ್ರಿಕೋನದ ಒಳಗಡೆ ಹಿಂದಿನ ಚಕ್ರದ ರಿಮ್ಮನ್ನು ಮಾತ್ರ ಕಂಬಕ್ಕೆ ಬಿಗಿದರೂ ಸಾಕು. ಚಕ್ರವನ್ನು ಬಿಚ್ಚಿದರೂ ಅದು ತ್ರಿಕೋನದಿಂದ ತೂರಿ ಹೊರಬರಲಾರದು. ಹಾಗಾದರೆ ರಿಮ್ಮನ್ನೇ ಗರಗಸದಿಂದ ಕೊಯ್ದರೆ? ಇಲ್ಲಿಯೇ ಚಕ್ರದ ಸೊಗಸಾದ ರಚನೆ ನಮ್ಮ ಪರವಾಗಿ ನಿಲ್ಲುತ್ತದೆ. ಚಕ್ರದ ಕಡ್ಡಿಗಳೆಲ್ಲ ಹತ್ತಾರು ಕಿಲೋಗ್ರಾಂ ಬಲದಿಂದ ರಿಮ್ಮನ್ನು ನಡುವಿನ ಕಡೆಗೆ ಎಳೆಯುತ್ತಿರುತ್ತವೆ. ಪರಿಣಾಮವಾಗಿ ರಿಮ್ಮು ಸುತ್ತಲೂ ಒತ್ತಲ್ಪಟ್ಟ ಸ್ಥಿತಿಯಲ್ಲಿರುತ್ತದೆ. ಗರಗಸ ಅರ್ಧ ಇಳಿಯುವಷ್ಟರಲ್ಲಿ ಕೊಯ್ದ ಸಂದು ತಾನಾಗಿಯೇ ಮುಚ್ಚಿಕೊಂಡು ಅಲಗನ್ನು ಕಚ್ಚಿಹಿಡಿಯುತ್ತದೆ. ಮರ ಕೊಯ್ಯುವವರು ಸಂದಿಗೆ ಬೆಣೆ ಹೊಡೆಯುವುದು ಇಂಥದೇ ತೊಂದರೆಯ ನಿವಾರಣೆಗಾಗಿ. ಇದಲ್ಲದೆ ಟೈರಿನ ಮಣಿಯೊಳಗೆ ಉಕ್ಕಿನ ತಂತಿಯೂ ಇರುವುದುಂಟು. ಇಷ್ಟೆಲ್ಲ ಪಾಡುಪಟ್ಟು ಕೊನೆಗೆ ಹಿಂದಿನ ಚಕ್ರ ಹಾಳಾದ ಸೈಕಲ್ಲೊಂದು ಕೈಗೆ ಬರುತ್ತದೆ.

ಬಿಡಿಭಾಗಗಳ ರಕ್ಷಣೆಯ ಪ್ರಶ್ನೆ ಬೇರೆ. ಇಟಲಿಯ ಸೈಕಲ್ ಪಂದ್ಯಗಾರ ಟುಲಿಯೊ ಕಂಪನ್ಯೋಲೊ ೧೯೩೦ರ ದಶಕದಲ್ಲಿ ಬಳಕೆಗೆ ತಂದ ಸಾಧನವೊಂದು ಇಂದಿನ ಗೇರು ಸೈಕಲ್ಲುಗಳಲ್ಲಿ ಸಾಮಾನ್ಯವಾಗಿದೆ: ಪುಟ್ಟ ಹಿಡಿಯೊಂದನ್ನು ತಿರುವಿದರೆ ಚಕ್ರ ಸಡಿಲವಾಗುತ್ತದೆ. ಪಂದ್ಯದ ನಡುವೆ ಚಕ್ರ ಬಿಚ್ಚಬೇಕಾದವನಿಗೆ ಇದು ವರ. ತರಕಾರಿ ತರಲು ಹೋದವನಿಗೆ ಇದರಿಂದ ಏನು ಉಪಕಾರವೋ ತಿಳಿಯದು, ಕಳ್ಳನಿಗಂತೂ ಬಹಳ. ಈ ಹಿಡಿಗಳನ್ನು ತೆಗೆಸಿ ಸಾಮಾನ್ಯ ನಟ್ಟುಗಳನ್ನೋ, ವಿಶೇಷ ಕೀಲಿಯಿಂದ ಮಾತ್ರ ತಿರುಗುವ ಬೋಲ್ಟುಗಳನ್ನೋ ಹಾಕಿಸುವುದು ಮೊದಲ ಹೆಜ್ಜೆ. ಗುರುತ್ವಾಕರ್ಷಣೆಯನ್ನೇ ಕಾವಲಿಗೆ ನಿಲ್ಲಿಸಿದ ನಟ್ಟುಗಳೂ ಬಂದಿವೆ. ಸೈಕಲ್ಲು ನೆಟ್ಟಗೆ ನಿಂತಿರುವವರೆಗೂ ಒಳಗಿನ ಪುಟ್ಟ ತುಂಡೊಂದು ತನ್ನ ಭಾರದಿಂದ ಕೆಳಗಿಳಿದು ನಟ್ಟಿಗೆ ಅಡ್ಡವಾಗಿ ಕುಳಿತಿರುತ್ತದೆ. ಸೈಕಲ್ಲನ್ನು ಪಕ್ಕಕ್ಕೆ ಮಲಗಿಸಿದರೆ ಮಾತ್ರ ಅದು ಸರಿಯುತ್ತದೆ. ಕಂಬಕ್ಕೆ ಬಿಗಿದ ಸೈಕಲ್ಲನ್ನು ಮಲಗಿಸುವುದು ಹೇಗೆ? ಬ್ಯಾಟರಿ ಬೇಡದ, ಕೆಡದ ಈ ಕಾವಲುಗಾರನನ್ನು ಕಲ್ಪಿಸಿದವನನ್ನು ಮೆಚ್ಚಲೇಬೇಕು.

ಹಣ ಖರ್ಚಿಲ್ಲದ ಉಪಾಯಗಳೂ ಇವೆ. ಸೀಟಿನ ಬೋಲ್ಟಿನಲ್ಲಿ ಆರು ಮೂಲೆಯ ಗುಂಡಿಯಿದ್ದರೆ ಅದರೊಳಗೆ ಸರಿಯಾಗಿ ಕೂರುವ ಬೇರಿಂಗ್ ಗುಂಡೊಂದನ್ನು ಇಟ್ಟು ಮೇಲೆ ಮೇಣ ತುಂಬಬಹುದು. ಕೀಲಿ ಒಳಹೋಗದು. ನಿಮಗೆ ಬೇಕಾದಾಗ ಮೇಣವನ್ನು ಕೆರೆದು, ಅಯಸ್ಕಾಂತದಿಂದ ಗುಂಡನ್ನು ಎತ್ತಿಕೊಳ್ಳಬಹುದು. ಸವೆದ ಚೈನಿನ ತುಂಡನ್ನು ಹಳೆಯ ಟ್ಯೂಬಿನೊಳಗೆ ತೂರಿಸಿ, ಸೀಟಿನ ಕೆಳಗಿನ ಕಂಬಿಗೂ ಚೌಕಟ್ಟಿಗೂ ಸುತ್ತಿ, ಚೈನಿನ ಮೊಳೆಯನ್ನು ಬಡಿದು ಕೂರಿಸುವುದು ಸೈಕಲ್ ಅಂಗಡಿಯವನಿಗೆ ಐದು ನಿಮಿಷದ ಕೆಲಸ. ದೀಪ, ಗಾಳಿ ಪಂಪು, ಮೀಟರು ಮೊದಲಾದ, ಕೈಯಿಂದಲೇ ಕಳಚಬರುವ ವಸ್ತುಗಳಿಗೆ ಜೇಬೇ ಸುರಕ್ಷಿತ ಸ್ಥಳ.

ಸ್ಥಳವನ್ನು ತಿಳಿಸುವ ವಿದ್ಯುನ್ಮಾನ ಬಿಲ್ಲೆಗಳನ್ನು ಸೀಟಿನ ಅಡಿಯಲ್ಲಿ ಅಡಗಿಸುವವರಿದ್ದಾರೆ. ಇವುಗಳಲ್ಲಿ ಕೆಲವು ಸುಮಾರು ೨೦,೦೦೦ ಕಿಲೋಮೀಟರು ಎತ್ತರದ ಉಪಗ್ರಹಗಳ ಸಂಕೇತವನ್ನು ಆಶ್ರಯಿಸುತ್ತವೆ; ತಗಡಿನ ಮಾಡಿನ ಉಗ್ರಾಣದೊಳಗೆ ಸೇರಿದ ಸೈಕಲ್ಲಿಗೆ ಆ ಕ್ಷೀಣ ಸಂಕೇತ ತಲುಪುವುದು ಕಷ್ಟ. ಇನ್ನು ಕೆಲವು ಹತ್ತಿರದಲ್ಲಿ ಓಡಾಡುವವರ ಫೋನುಗಳನ್ನು ನೆಚ್ಚಿಕೊಂಡಿವೆ. ಇದ್ದರೆ ಕೆಡುಕಿಲ್ಲ.

ಕೊನೆಯದಾಗಿ, ಪ್ರತಿಯೊಂದು ಸೈಕಲ್ಲಿಗೂ ಅದರದೇ ಒಂದು ಸಂಖ್ಯೆಯಿರುತ್ತದೆಂಬುದು ಅನೇಕ ಒಡೆಯರಿಗೇ ತಿಳಿಯದು. ಸಾಮಾನ್ಯವಾಗಿ ಇದನ್ನು ಪೆಡಲುಗಳ ಅಚ್ಚು ಹಾದುಹೋಗುವ ದಪ್ಪ ಕೊಳವೆಯ ಅಡಿಯಲ್ಲೋ ಸೀಟಿನ ಕೊಳವೆಯ ಮೇಲ್ತುದಿಯಲ್ಲೋ ಮುದ್ರೆ ಒತ್ತಿ ಮೂಡಿಸಿರುತ್ತಾರೆ. ಕಳ್ಳನು ಇದನ್ನು ಅರದಿಂದ ಉಜ್ಜಿ ಅಳಿಸುವುದುಂಟು. ಆದರೆ ಅಳಿಸಿದ್ದೆಲ್ಲ ಅಳಿಯುವುದಿಲ್ಲ. ತಾಮ್ರದ ತಂತಿಯೊಂದನ್ನು ಒಂದು ಕಡೆ ಬಗ್ಗಿಸಿ ಮತ್ತೆ ನೆಟ್ಟಗೆ ಮಾಡಲು ಯತ್ನಿಸಿ ನೋಡಿ: ಅದು ಅಕ್ಕಪಕ್ಕದಲ್ಲಿ ಬಾಗುವುದೇ ಹೊರತು ಮೊದಲು ಬಗ್ಗಿದ ಕಡೆ ಸುಲಭವಾಗಿ ಮಣಿಯದು. ಬಾಗಿದ ಜಾಗದಲ್ಲಿ ಲೋಹದ ಒಳಗಿನ ಸ್ಫಟಿಕಗಳ ಜೋಡಣೆ ಕೆದಡಿ ಅದು ಗಡಸಾಗಿರುತ್ತದೆ. ಮುದ್ರೆಯ ಏಟಿನಿಂದಲೂ ಹೀಗೆಯೇ ಆಗುತ್ತದೆ. ಕಣ್ಣಿಗೆ ಕಾಣುವ ಗುಳಿಗಿಂತ ಆಳದವರೆಗೆ ಉಕ್ಕು ಅಂಕಿಯ ಆಕಾರದಲ್ಲಿಯೇ ಕೆದಡಿರುತ್ತದೆ. ಗುಳಿಯನ್ನಷ್ಟೆ ಉಜ್ಜಿ ತೆಗೆದ ಮೇಲೆ, ಆ ಜಾಗವನ್ನು ನುಣುಪುಗೊಳಿಸಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಾಮ್ರದ ಕ್ಲೋರೈಡನ್ನು ಕರಗಿಸಿದ ದ್ರಾವಣದಿಂದ ಒರೆಸಿದರೆ, ಕೆದಡಿದ ಭಾಗವನ್ನೂ ಉಳಿದ ಭಾಗವನ್ನೂ ಆಮ್ಲವು ಬೇರೆಬೇರೆ ವೇಗದಲ್ಲಿ ತಿನ್ನುತ್ತದೆ. ಕಣ್ಮರೆಯಾಗಿದ್ದ ಅಂಕಿಗಳು ಮೆಲ್ಲನೆ ಮೇಲೇಳುತ್ತವೆ. ಅಪರಾಧ ತನಿಖೆಯ ಪ್ರಯೋಗಶಾಲೆಗಳಲ್ಲಿ ಬಂದೂಕುಗಳ ಮತ್ತು ವಾಹನಗಳ ಅಳಿಸಿದ ಸಂಖ್ಯೆಗಳನ್ನು ಓದುವುದು ಈ ವಿಧಾನದಿಂದಲೇ.

ಆದರೆ ಮೇಲೆದ್ದ ಸಂಖ್ಯೆ ನಿಮ್ಮದೇ ಎಂದು ತೋರಿಸಲು ಅದು ಮೊದಲೇ ನಿಮ್ಮಲ್ಲಿ ಬರೆದಿಟ್ಟಿರಬೇಕು. ಈ ಭಾನುವಾರ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಪೆಡಲಿನ ಕೊಳವೆಯ ಅಡಿಯ ಕೆಸರನ್ನೂ ಎಣ್ಣೆಯನ್ನೂ ಬಟ್ಟೆಯಿಂದ ಒರೆಸಿ ನೋಡಿ. ಸಂಖ್ಯೆಯನ್ನು ಕೊಂಡ ರಸೀತಿಯ ಮೇಲೆಯೇ ಬರೆದು, ಫೋನಿನಲ್ಲಿ ಅದರ ಚಿತ್ರವನ್ನೂ, ಇಡೀ ಸೈಕಲ್ಲಿನ ಚಿತ್ರವನ್ನೂ ತೆಗೆದಿಡಿ. ಬಣ್ಣದ ಪದರದಿಂದ ಅಂಕಿಗಳು ಮಸುಕಾಗಿದ್ದರೆ ಸೀಮೆಸುಣ್ಣವನ್ನು ಅಡ್ಡಲಾಗಿ ತಿಕ್ಕಿ ಬೆರಳಿನಿಂದ ಮೆಲ್ಲಗೆ ಒರೆಸಬೇಕು. ಗುಳಿಗಳಲ್ಲಿ ಪುಡಿ ಉಳಿದು ಸಂಖ್ಯೆ ಬೆಳ್ಳಗೆ ಎದ್ದು ಕಾಣುತ್ತದೆ.